ಬರವನ್ನು ಪಾಪವೆನ್ನಬೇಡಿ



ಪ್ರಾರ್ಥನೆಯಲ್ಲಿ ರುಚಿ ಕಳೆದುಕೊಂಡವರಿಗೆ, ಪೂಜೆಗೆ ಬಂದರೂ ಮನಸ್ಸು ಕಲ್ಲಿನಂತೆ ಕುಳಿತಿರುತ್ತದೆ ಎಂದು ಹೇಳಿಕೊಳ್ಳುವವರಿಗೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನಮ್ಮ ಭಕ್ತಾದಿಗಳ ನಡುವೆ ಸಿಗುತ್ತಿರುವ ಉತ್ತರ ಬಹುಮಟ್ಟಿಗೆ ಒಂದೇ: "ನಿಮ್ಮಲ್ಲಿ ಎಲ್ಲೋ ಒಂದು ಪಾಪ ಅಡಗಿದೆ, ಅದಕ್ಕಾಗಿಯೇ ದೇವರು ಮಾತನಾಡುತ್ತಿಲ್ಲ." ಇದರ ಬೆನ್ನಿಗೇ ಪರಿಹಾರವೂ ಸಿದ್ಧವಾಗಿರುತ್ತದೆ. ಇಂಥ ಊರಿನಲ್ಲಿ ಇಂಥ ದಿನ ಮಹಾಪ್ರಾರ್ಥನಾಕೂಟವಿದೆ. ಹೊರಗಿನಿಂದ ಬೋಧಕರು ಬರುತ್ತಾರೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಎಲ್ಲ ಕಟ್ಟುಗಳೂ ಬಿಚ್ಚಿಹೋಗುತ್ತವೆ. ಈ ಉತ್ತರ ಸುಳ್ಳು ಎಂದು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಅದು ಪವಿತ್ರ ಗ್ರಂಥಕ್ಕೂ ಧರ್ಮಸಭೆಯ ಪರಂಪರೆಗೂ ವಿರುದ್ಧವಾದುದು. ಅದಕ್ಕಿಂತ ಹೆಚ್ಚಾಗಿ, ಆಗಲೇ ಬಾಗಿದ ಬೆನ್ನಿನ ಮೇಲೆ ಹೊರಿಸಿದ ಇನ್ನೊಂದು ಮೂಟೆ.

ಈ ಸೀಮೆಯಲ್ಲಿ ಕ್ರೈಸ್ತರು ವಿರಳ. ಒಂದು ಊರಿನಲ್ಲಿ ನಾಲ್ಕು ಮನೆ, ಮತ್ತೊಂದರಲ್ಲಿ ಎರಡು. ಬಲಿಪೂಜೆಗೆ ಬಸ್ಸು ಹಿಡಿದು ಬರಬೇಕು. ನಿಪ್ಪಾಣಿಯ ಕಡೆಯವರ ಬಾಯಿಗೆ ಪ್ರಾರ್ಥನೆ ಮರಾಠಿಯಲ್ಲಿ ಬರುತ್ತದೆ, ಅಥಣಿಯ ಕಡೆಯವರಿಗೆ ಕನ್ನಡದಲ್ಲಿ. ಪೂಜೆ ಅರ್ಪಿಸುವ ಗುರುಗಳ ಮನೆಮಾತು ಎಷ್ಟೋ ಸಲ ಕೊಂಕಣಿ. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಅಂದಿನಿಂದ ಇಂದಿನವರೆಗೂ ಈ ಉತ್ತರದ ಅಂಚು ಅಂಚಾಗಿಯೇ ಉಳಿದಿದೆ. ಕರಾವಳಿಯ ದೊಡ್ಡ ಧರ್ಮಕೇಂದ್ರಗಳಲ್ಲಿ ಒಬ್ಬನ ವಿಶ್ವಾಸ ಬಾಡಿದರೂ ಅಕ್ಕಪಕ್ಕದ ಬೆಂಚುಗಳ ಹಾಡು ಅವನನ್ನು ಎತ್ತಿ ನಿಲ್ಲಿಸುತ್ತದೆ. ಇಲ್ಲಿ ಪಕ್ಕದ ಬೆಂಚೇ ಖಾಲಿ. 2020ರ ಮಾರ್ಚಿನಿಂದ ಕೆಲವು ತಿಂಗಳು ದೇವಾಲಯಗಳು ಮುಚ್ಚಿದ್ದಾಗ ಮನೆಯಲ್ಲಿ ಉಳಿದವರು ಕೆಲವರು ಇನ್ನೂ ಮನೆಯಲ್ಲಿಯೇ ಉಳಿದಿದ್ದಾರೆ. ಅವರಲ್ಲಿ ಎಲ್ಲರೂ ಸೋಮಾರಿಗಳಲ್ಲ. ತಮ್ಮೊಳಗೆ ಏನೋ ಆರಿಹೋಗಿದೆ ಎಂದು ಹೆದರಿ, ಅದನ್ನು ಯಾರ ಮುಂದೆ ಹೇಳಬೇಕೆಂದು ತಿಳಿಯದೆ ಸುಮ್ಮನಾದವರೂ ಇದ್ದಾರೆ.

ನಿಪ್ಪಾಣಿಯ ಕಡೆ ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ನನ್ನೊಡನೆ ಆಡಿದ ಮಾತು ಇದು: "ಜಪಸರ ಕೈಯಾಗ ತಿರಗತೈತ್ರಿ ಫಾದರ್, ಬೀಡಿ ಸುತ್ತಿದಂಗ. ಒಳಗ ಮಾತ್ರ ಏನೂ ಇಲ್ಲರಿ." ಇದನ್ನೇ ಆಕೆ ಒಂದು ಕೂಟದಲ್ಲಿಯೂ ಹೇಳಿಕೊಂಡಿದ್ದರು. ಅಲ್ಲಿನ ಬೋಧಕ ಆಕೆಯ ವಂಶವನ್ನು ಕೆದಕಿ, ಮುತ್ತಜ್ಜಿಯೊಬ್ಬಳನ್ನು ದೇವಿಗೆ ಬಿಟ್ಟಿದ್ದರೆಂದು ತಿಳಿದಾಗ, ಆ ಶಾಪವೇ ನಿಮ್ಮ ಪ್ರಾರ್ಥನೆಯನ್ನು ಒಣಗಿಸಿದೆ ಎಂದು ತೀರ್ಪು ಕೊಟ್ಟನಂತೆ. ಓದುಗರೇ, ಸ್ವಲ್ಪ ಯೋಚಿಸಿ. ಏನೂ ಅರಿಯದ ಹುಡುಗಿಯೊಬ್ಬಳಿಗೆ ಹಿರಿಯರು ಮುತ್ತು ಕಟ್ಟಿಸಿದರು. ಅವಳ ಬಾಳನ್ನು ಊರ ಗೌಡಿಕೆ ಹಿಂಡಿತು. ಈಗ ನೂರು ವರ್ಷಗಳ ಬಳಿಕ, ಕ್ರಿಸ್ತನ ಹೆಸರಿನಲ್ಲಿ, ಅವಳನ್ನೇ ಮತ್ತೊಮ್ಮೆ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿ, ಅವಳ ಮರಿಮಗಳಿಗೆ ದಂಡ ಹಾಕುತ್ತಾರೆ. ತಂದೆಯ ಪಾಪಕ್ಕೆ ಮಗ ಹೊಣೆಯಲ್ಲವೆಂದು ಪ್ರವಾದಿ ಯೆಜೆಕಿಯೇಲನ 18ನೇ ಅಧ್ಯಾಯ ಬಿಡಿಸಿ ಹೇಳಿದೆ. ಹುಟ್ಟುಕುರುಡನನ್ನು ಕಂಡು ಯಾರ ಪಾಪವಿದು ಎಂದು ಕೇಳಿದ ಶಿಷ್ಯರಿಗೆ ಪ್ರಭು ಯೇಸು, ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಎಂದೇ ಉತ್ತರಿಸಿದರು. ಶುಭಸಂದೇಶವನ್ನು ಕೈಯಲ್ಲಿ ಹಿಡಿದವರು ಅದನ್ನು ಬಿಚ್ಚಿ ಓದುವ ತೊಂದರೆಯನ್ನೂ ತೆಗೆದುಕೊಳ್ಳಬೇಕು.

ಪವಿತ್ರ ಗ್ರಂಥದಲ್ಲಿ ಬರಗಾಲವೆಂದರೆ ಯಾವಾಗಲೂ ಶಿಕ್ಷೆಯೇ ಎಂದು ವಾದಿಸುವವರು ಪ್ರವಾದಿ ಎಲೀಯನ ಕಥೆಯನ್ನು ಮತ್ತೊಮ್ಮೆ ನೋಡಲಿ. ಕೆರೀತ್ ಹಳ್ಳದ ಬಳಿ ಹೋಗಿ ಇರು ಎಂದು ಅವನನ್ನು ಕಳುಹಿಸಿದವರು ಸರ್ವೇಶ್ವರ. ಅವನು ಹೋದ. ಕಾಗೆಗಳು ಊಟ ತಂದವು, ಹಳ್ಳದ ನೀರು ಸಿಕ್ಕಿತು. ಕೆಲವು ಕಾಲದ ಮೇಲೆ ಅದೇ ಹಳ್ಳ ಬತ್ತಿತು. ಎಲೀಯ ಯಾವ ಪಾಪ ಮಾಡಿದ್ದ? ದೇವರು ಹೇಳಿದ ಸ್ಥಳದಲ್ಲಿ, ದೇವರು ಹೇಳಿದಂತೆ ಇದ್ದವನ ಕಣ್ಣೆದುರೇ ದೇವರು ತೋರಿಸಿದ ಹಳ್ಳ ಒಣಗಿತು. ಒಣಗದೆ ಹೋಗಿದ್ದರೆ ಅವನು ಅಲ್ಲಿಂದ ಏಳುತ್ತಿರಲಿಲ್ಲ; ಸರೆಪ್ತದ ವಿಧವೆಯ ಮನೆಯಲ್ಲಿ ಒಂದು ಹಿಡಿ ಹಿಟ್ಟು ಮಾತ್ರ ಉಳಿದಿದೆ ಎಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನು ಕೀರ್ತನೆಗಳ ಮಾತು. ಗೋಳಾಟದಿಂದ ಆರಂಭವಾಗುವ ಕೀರ್ತನೆಗಳು ಸಾಮಾನ್ಯವಾಗಿ ಸ್ತುತಿಯಲ್ಲಿ ಮುಗಿಯುತ್ತವೆ. 88ನೆಯದು ಹಾಗಲ್ಲ. ಅದು ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಧರ್ಮಸಭೆ ಅದನ್ನು ನಾಚಿಕೆಯಿಂದ ಬಚ್ಚಿಡಲಿಲ್ಲ. ಪ್ರತಿ ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ, ಮಲಗುವ ಮುನ್ನ, ಲೋಕದ ಎಲ್ಲ ಗುರುಗಳ ಬಾಯಿಗೂ ಅದನ್ನೇ ಇಟ್ಟಿದೆ. ಒಣಗಿದ ಹೃದಯದಿಂದ ಪ್ರಾರ್ಥಿಸುವುದು ಪಾಪವಾಗಿದ್ದರೆ ಪಂಚಾಂಗದಲ್ಲಿಯೇ ಆ ಪಾಪಕ್ಕೆ ವಾರಕ್ಕೊಂದು ದಿನ ಗೊತ್ತುಪಡಿಸುತ್ತಿದ್ದರೇ? ಗೆತ್ಸೆಮನೆಯ ತೋಪಿನಲ್ಲಿ ಪ್ರಭು ಮೂರನೆಯ ಸಲವೂ ಹೋಗಿ ಹಿಂದಿನ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರೆಂದು ಮತ್ತಾಯನು ಬರೆದಿದ್ದಾನೆ. ಹೊಸ ಮಾತು ಹುಟ್ಟಲಿಲ್ಲ, ಹೊಸ ಭಾವ ಉಕ್ಕಲಿಲ್ಲ. ಹಳೆಯ ಮಾತೇ ಸಾಕಾಯಿತು.

ಸಂತರ ಚರಿತ್ರೆಯನ್ನು ನಮ್ಮವರು ಹಬ್ಬದ ದಿನ ಓದುತ್ತಾರೆ, ಆದರೆ ಹೂವಿನ ಹಾರ ಹಾಕಿದ ಭಾಗವನ್ನು ಮಾತ್ರ. ಆವಿಲಾದ ಸಂತ ತೆರೇಸಾ (1515–1582) ತಮ್ಮ ಆತ್ಮಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ವರ್ಷಗಟ್ಟಲೆ ಪ್ರಾರ್ಥನೆಯ ವೇಳೆಯಲ್ಲಿ ಅವರ ಕಿವಿ ಗಡಿಯಾರದ ಗಂಟೆ ಯಾವಾಗ ಹೊಡೆಯುವುದೋ ಎಂದು ಕಾಯುತ್ತಿತ್ತು. ಸುಮಾರು 18 ವರ್ಷ ಕಾಲ ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯವೇ ಅವರಿಗೆ ಇರಲಿಲ್ಲ. ಲಿಸಿಯೂನ ಸಂತ ತೆರೇಸಾ ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದರು. 1896ರ ಪಾಸ್ಖ ಹಬ್ಬದ ದಿನಗಳಲ್ಲಿ ಆರಂಭವಾದ ಕತ್ತಲೆ, ಮರುವರ್ಷ ಸೆಪ್ಟೆಂಬರ್ 30ರಂದು 24ರ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚುವವರೆಗೂ ಬಿಡಲಿಲ್ಲ. ಇವರಿಬ್ಬರನ್ನೂ ಧರ್ಮಸಭೆ ತನ್ನ ಆಚಾರ್ಯರ ಸಾಲಿನಲ್ಲಿ ಸೇರಿಸಿದೆ.

ಕೋಲ್ಕತ್ತದ ಸಂತ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಹೊರಬಂದಾಗ ಲೋಕವೇ ಬೆಚ್ಚಿತು. ಸುಮಾರು ಅರ್ಧ ಶತಮಾನ ಅವರ ಒಳಗೆ ಬರಗಾಲ. ಅವರಿಗೆ ವಿಶ್ವಾಸವೇ ಇರಲಿಲ್ಲವೆಂದು ವಾದಿಸಲು ಕೆಲವರು ಮುಂದೆ ಬಂದರು. ಆದರೆ ಅದೇ ಪತ್ರಗಳಲ್ಲಿ ನಮಗೆ ಬೇಕಾದ ಪಾಠವಿದೆ. 1961ರಲ್ಲಿ ಅವರು ತಮ್ಮ ಕತ್ತಲೆಯನ್ನು ಯೇಸುಸಭೆಯ ಗುರು ಜೋಸೆಫ್ ನಾಯ್ನರ್ ಅವರ ಮುಂದೆ ತೆರೆದಿಟ್ಟರು. ನಾಯ್ನರ್ ಪುಣೆಯಲ್ಲಿ ದಶಕಗಳ ಕಾಲ ದೇವಶಾಸ್ತ್ರ ಬೋಧಿಸಿ, 2009ರಲ್ಲಿ 101ರ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡವರು. ನಮ್ಮ ಎಷ್ಟೋ ಗುರುಗಳು ಓದಿದ ಊರು ಪುಣೆ. ನಿಪ್ಪಾಣಿಯನ್ನು ಹಾದುಹೋಗುವ ಹೆದ್ದಾರಿಯೇ ಅಲ್ಲಿಗೆ ಮುಟ್ಟಿಸುತ್ತದೆ. ಈ ವಿದ್ವಾಂಸ ಆಕೆಯ ವಂಶಾವಳಿ ಕೇಳಲಿಲ್ಲ. ಒಂದು ವಾರದ ಧ್ಯಾನಕೂಟಕ್ಕೆ ಕಳುಹಿಸಲಿಲ್ಲ. ಇದಕ್ಕೆ ಮನುಷ್ಯರ ಬಳಿ ಮದ್ದಿಲ್ಲ. ಇದು ನಿಮ್ಮ ತಪ್ಪಿನ ಫಲವಲ್ಲ. ಯೇಸುವಿನ ಸಾನ್ನಿಧ್ಯ ಅನುಭವಕ್ಕೆ ಬಾರದಿದ್ದ ಮಾತ್ರಕ್ಕೆ ಅವರು ಇಲ್ಲವೆಂದಲ್ಲ. ಅವರಿಗಾಗಿ ನಿಮ್ಮಲ್ಲಿರುವ ಈ ತೀರದ ಹಸಿವೇ ಅವರು ಇದ್ದಾರೆಂಬುದರ ಗುರುತು: ಇದು ಅವರು ಕೊಟ್ಟ ಉತ್ತರದ ತಿರುಳು. ಇಷ್ಟು ಕೇಳಿದ ಮೇಲೆ, ಮದರ್ ತೆರೇಸಾ ತಮ್ಮ ಕತ್ತಲೆಯನ್ನೇ ಪ್ರೀತಿಸಲಾರಂಭಿಸಿದೆನೆಂದು ಬರೆದರು. ಕತ್ತಲೆ ಹೋಗಲಿಲ್ಲ. ಹೆದರಿಕೆ ಹೋಯಿತು.

ಹಾಗಾದರೆ ಎಲ್ಲ ಬರವೂ ದೇವರ ಕೊಡುಗೆಯೇ? ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳದೆ ಹೋದರೆ ನನ್ನ ಮಾತೂ ಅರ್ಧ ಸುಳ್ಳಾದೀತು. ಕೃಷ್ಣೆಯನ್ನೇ ನೋಡಿ. 2019ರ ಬೇಸಿಗೆಯಲ್ಲಿ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ದಂಡೆಯಲ್ಲಿ ನದಿ ಬತ್ತಿ ಬಂಡೆ ಕಾಣಿಸಿತು. ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಬೇಡಬೇಕಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದೇ ನದಿ ಅದೇ ಊರುಗಳನ್ನು ಮುಳುಗಿಸಿತು. ಬೇಸಿಗೆಯ ಆ ಬರ ಆಕಾಶದಿಂದಷ್ಟೇ ಬಂದದ್ದೇ? ದಂಡೆಯುದ್ದಕ್ಕೂ ಪಂಪು ಹಚ್ಚಿ ಕಬ್ಬಿಗೆ ನೀರೆತ್ತಿದ ಕೈಗಳೂ ಅದರಲ್ಲಿ ಪಾಲುದಾರರಲ್ಲವೇ? ಆತ್ಮದ ವಿಷಯದಲ್ಲಿಯೂ ಹೀಗೆಯೇ. ಸಂತ ಇಗ್ನಾಸಿ ಲೊಯೋಲಾ ಅವರು 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಒಣಗಾಲಕ್ಕೆ ಮೂರು ಕಾರಣಗಳನ್ನು ಹೇಳುತ್ತಾರೆ. ಮೊದಲನೆಯದು ನಮ್ಮದೇ ಅಸಡ್ಡೆ. ಎರಡನೆಯದು ಪರೀಕ್ಷೆ: ಸಿಹಿ ಸಿಗದಿದ್ದಾಗಲೂ ಸೇವೆಯಲ್ಲಿ ಎಷ್ಟು ದೂರ ನಡೆಯುತ್ತೇವೆ ಎಂಬುದು. ಮೂರನೆಯದು, ಭಕ್ತಿಯ ಸುಖ ನಮ್ಮ ಗಳಿಕೆಯಲ್ಲ, ಅದು ಕೃಪೆ ಎಂದು ಅರಿಯುವುದು. ಬೋಧಕರು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಉಳಿದೆರಡನ್ನೂ ಮರೆತಿದ್ದಾರೆ.

ಎರಡು ಬರಗಳ ನಡುವೆ ವ್ಯತ್ಯಾಸ ಹೇಗೆ ತಿಳಿಯುವುದು? ಟೊಲೇಡೊದ ಸೆರೆಕೋಣೆಯಲ್ಲಿ 1577ರ ಕೊನೆಯಿಂದ 1578ರ ಆಗಸ್ಟ್‌ವರೆಗೆ, ಅದೂ ತನ್ನದೇ ಸಭೆಯ ಸಹೋದರರ ಕೈಯಲ್ಲಿ, ಬಂದಿಯಾಗಿದ್ದ ಸಂತ ಶಿಲುಬೆಯ ಯೊವಾನ್ನರು ಇದಕ್ಕೆ ಗುರುತುಗಳನ್ನು ಕೊಟ್ಟಿದ್ದಾರೆ. ದೇವರ ವಿಷಯದಲ್ಲಿ ರುಚಿಯಿಲ್ಲ, ಲೋಕದ ವಿಷಯದಲ್ಲಿಯೂ ರುಚಿಯಿಲ್ಲ. ದೇವರ ಸೇವೆಯಲ್ಲಿ ಹಿಂದೆ ಬೀಳುತ್ತಿದ್ದೇನೆಂಬ ಕಳವಳ ಮಾತ್ರ ಕಾಡುತ್ತಿದೆ. ಹಿಂದಿನಂತೆ ಧ್ಯಾನಿಸಲು ಎಷ್ಟು ಯತ್ನಿಸಿದರೂ ಆಗುತ್ತಿಲ್ಲ. ಹೀಗಿದ್ದರೆ ಅದು ದೇವರು ಕರೆದೊಯ್ಯುವ ಹಾದಿ. ಪ್ರಾರ್ಥನೆ ಮಾತ್ರ ಬೇಸರ, ಉಳಿದೆಲ್ಲವೂ ಸೊಗಸು ಎನ್ನುವುದಾದರೆ ಅದು ಬೇರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ 2731ನೇ ಪರಿಚ್ಛೇದದಲ್ಲಿ ಇದೇ ಭೇದವನ್ನು ಕಾಣಿಸುತ್ತದೆ: ಒಂದು, ಶುದ್ಧ ವಿಶ್ವಾಸದ ಗಳಿಗೆ, ಇನ್ನೊಂದು, ಬೀಜಕ್ಕೆ ಬೇರಿಲ್ಲದ ಕಲ್ಲುನೆಲ, ಅದಕ್ಕೆ ಮನಪರಿವರ್ತನೆ ಬೇಕು. ಆ ಬೀಡಿ ಕಟ್ಟುವ ತಾಯಿ ಅಳುತ್ತಿದ್ದದ್ದು ಕಳವಳದಿಂದ. ಬೇರಿಲ್ಲದವರು ಅಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಗವಾಡ, ಶೇಡಬಾಳ, ಉಗಾರದ ಕಡೆಯ ರೈತರನ್ನು ಸವಳು-ಜವಳು ಎಂದರೇನೆಂದು ಕೇಳಿ. ಬರದಿಂದ ಕೆಟ್ಟ ನೆಲವಲ್ಲ ಅದು, ನೀರಿನಿಂದ ಕೆಟ್ಟದ್ದು. ಕಬ್ಬಿಗೆಂದು ವರ್ಷವಿಡೀ ಹರಿಸಿದ ನೀರು ಹೊರಹೋಗಲು ದಾರಿಯಿಲ್ಲದೆ ನೆಲದಲ್ಲಿಯೇ ನಿಂತಿತು. ಒಳಗಿನ ಉಪ್ಪು ಮೇಲಕ್ಕೆ ಬಂದು ಬಿಳಿಯ ಪದರು ಕಟ್ಟಿತು. ಹಿಂದೆ ಬಂಗಾರ ಬೆಳೆದ ಭೂಮಿಯಲ್ಲಿ ಈಗ ಹುಲ್ಲೂ ಸರಿಯಾಗಿ ಬರುವುದಿಲ್ಲ. ಮಳೆ ಬಂದರೆ ಬರ ನೀಗುತ್ತದೆ. ಸವಳು ಮಳೆಯಿಂದ ನೀಗುವುದಿಲ್ಲ. ಬಸಿಗಾಲುವೆ ತೋಡಬೇಕು, ನೆಲದಡಿ ಪೈಪು ಹಾಕಬೇಕು, ನಿಂತ ನೀರು ಹೊರಗೆ ಹರಿಯಬೇಕು.

ಒಂದು ಕೂಟದಿಂದ ಇನ್ನೊಂದು ಕೂಟಕ್ಕೆ, ಒಬ್ಬ ಬೋಧಕನಿಂದ ಮತ್ತೊಬ್ಬ ಬೋಧಕನ ಬಳಿಗೆ ಓಡುವ ಭಕ್ತಿಯಲ್ಲಿ ನಾನು ಕಾಣುತ್ತಿರುವುದು ಇದನ್ನೇ. ಶನಿವಾರ ರಾತ್ರಿ ಕಣ್ಣೀರು, ಚಪ್ಪಾಳೆ, ಮೈಜುಮ್ಮೆನ್ನುವ ಹಾಡು. ಸೋಮವಾರ ಮತ್ತೆ ಒಣಗಾಲ. ಮುಂದಿನ ಶನಿವಾರಕ್ಕೆ ಇನ್ನೂ ದೊಡ್ಡ ಸ್ಪೀಕರ್ ಬೇಕು. ಒಳಗೆ ಬಂದ ನೀರು ಎಲ್ಲಿಗೂ ಹರಿಯುವುದಿಲ್ಲ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಗೆ ಒಂದು ಲೋಟ ಗಂಜಿಯಾಗಿ ಅದು ಹರಿಯಲಿಲ್ಲ, ಅಣ್ಣತಮ್ಮಂದಿರ ಹೊಲದ ವ್ಯಾಜ್ಯದಲ್ಲಿ ಒಂದು ರಾಜಿಯಾಗಿ ಹರಿಯಲಿಲ್ಲ. ಹೀಗೆ ನಿಂತ ನೀರು ಕೊನೆಗೆ ಉಪ್ಪನ್ನು ಮೇಲೆ ತರುತ್ತದೆ: ತಮಗೆ ಅಳು ಬಂತು, ಪಕ್ಕದವನಿಗೆ ಬರಲಿಲ್ಲ ಎಂಬ ಹೆಮ್ಮೆ, ಪೂಜೆ ಸಪ್ಪೆ, ಗುರುಗಳಲ್ಲಿ ಅಭಿಷೇಕವಿಲ್ಲ ಎಂಬ ತಾತ್ಸಾರ. ಬರಕ್ಕೆ ಹೆದರಿ ನೀರು ಹರಿಸಿದವರ ಹೊಲವೇ ಮೊದಲು ಕೆಡುತ್ತದೆ. ಒಣನೆಲದವನ ಹೊಲ ಕಾಯುತ್ತಿರುತ್ತದೆ, ಅಷ್ಟೆ.

ಇದಕ್ಕೆ ಎದುರುತ್ತರ ನನಗೆ ಗೊತ್ತಿದೆ. "ಫಾದರ್, ಹಾಡು-ಚಪ್ಪಾಳೆ ಇಲ್ಲದಿದ್ದರೆ ಜನ ಬರುವುದಿಲ್ಲ, ಬೇರೆ ಪಂಗಡಗಳಿಗೆ ಹೋಗುತ್ತಾರೆ." ಹಾಡು ಬೇಡವೆಂದು ನಾನು ಹೇಳುತ್ತಿಲ್ಲ. 1967ರಲ್ಲಿ ಅಮೆರಿಕದಲ್ಲಿ ಮೊಳೆತ ಕಥೋಲಿಕ ಕ್ಯಾರಿಸ್ಮ್ಯಾಟಿಕ್ ಚಳವಳಿಯಿಂದ ಎಷ್ಟೋ ಮನೆಗಳಲ್ಲಿ ಕುಡಿತ ನಿಂತಿದೆ, ಬೈಬಲು ತೆರೆದಿದೆ. ಅದನ್ನು ಪೋಪರು ಮೆಚ್ಚಿದ್ದಾರೆ, ನಾನೂ ಮೆಚ್ಚುತ್ತೇನೆ. ನನ್ನ ತಕರಾರು ಹಾಡಿನ ಮೇಲಲ್ಲ, ಹಾಡು ಹತ್ತದವನನ್ನು ಪಾಪಿಯೆನ್ನುವ ಬೋಧನೆಯ ಮೇಲೆ. ಅದು ಎಲ್ಲಿಗೆ ಮುಟ್ಟುತ್ತದೆ ನೋಡಿ. ನಂಬಿಕೆಯಿದ್ದರೆ ಔಷಧಿ ಬೇಡ, ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿ ಎನ್ನುವವರೂ ಈ ಭಾಗದಲ್ಲಿ ತಿರುಗಾಡುತ್ತಿದ್ದಾರೆ. ಕಾಗವಾಡ-ಅಥಣಿಯ ಜನ ತಲೆಮಾರುಗಳಿಂದ ಚಿಕಿತ್ಸೆಗೆ ಹೋಗುತ್ತಿರುವುದು ಮಿರಜಕ್ಕೆ. ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ ಡಾ. ವಿಲಿಯಂ ವಾನ್ಲೆಸ್ ಪ್ರೆಸ್ಬಿಟೇರಿಯನ್ ಮಿಷನರಿ. ಅವರ ಸಭೆ ಬೇರೆ, ನಮ್ಮದು ಬೇರೆ. ಆದರೆ ಅದೇ ಕ್ರಿಸ್ತನನ್ನು ನಂಬಿ ಆ ಮನುಷ್ಯ ಶಸ್ತ್ರಚಿಕಿತ್ಸೆಯ ಚಾಕು ಹಿಡಿದರು. ಅವರ ವಿಶ್ವಾಸ ಕಡಿಮೆಯದೇ?

ಜನ ಹೋಗುತ್ತಾರೆ ಎಂಬ ಭಯದಿಂದ ಸುಳ್ಳು ಹೇಳಿ ಉಳಿಸಿಕೊಂಡವರು ಉಳಿದವರಲ್ಲ.

ಒಣಗಾಲದಲ್ಲಿ ಮಾಡಬೇಕಾದ ಕೆಲಸವೇ ಬೇರೆ. ಅಥಣಿಯ ಪೂರ್ವಕ್ಕೆ, ಕಾಲುವೆ ಮುಟ್ಟದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಮುಂದೆ ಆಕಾಶದಿಂದ ಹನಿ ಬೀಳುವ ಭರವಸೆಯಿಲ್ಲ. ಮಣ್ಣು ತನ್ನೊಳಗೆ ಹಿಡಿದಿಟ್ಟ ತೇವದ ಮೇಲೆಯೇ ಪೈರು ತೆನೆಗಟ್ಟಬೇಕು. ನೆಲ ಬಿರಿಯತೊಡಗಿದರೆ ತೇವ ಆ ಬಿರುಕಿನಲ್ಲಿ ಹಾರಿಹೋಗುತ್ತದೆ. ಆದ್ದರಿಂದ ರೈತ ಎಡೆ ಹೊಡೆಯುತ್ತಾನೆ, ಮೇಲ್ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚುತ್ತಾನೆ. ಹೊಸ ನೀರನ್ನು ಅವನು ತರುವುದಿಲ್ಲ, ಇದ್ದುದನ್ನು ಕಾಯುತ್ತಾನೆ. ಬೆಳಗಿನ ಶಿಲುಬೆಯ ಗುರುತು, ಊಟದ ಮುಂಚಿನ ಒಂದು ಮಾತು, ರುಚಿಯಿಲ್ಲದಿದ್ದರೂ ಬಿಡದ ಭಾನುವಾರದ ಪೂಜೆ, ಬೀಡಿಯ ನಡುವೆ ತಿರುಗುವ ಜಪಸರ: ಇವು ಎಡೆ ಹೊಡೆಯುವ ಕೆಲಸ. ಆವಿಲಾದ ತೆರೇಸಾ ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವುದಕ್ಕೆ ಹೋಲಿಸಿ, ಬಾವಿಯಿಂದ ಸೇದುವುದು, ರಾಟೆ ತಿರುಗಿಸುವುದು, ಹೊಳೆಯ ನೀರು ಹಾಯಿಸುವುದು, ಮಳೆ ಎಂದು ನಾಲ್ಕು ಬಗೆ ಹೇಳಿದ್ದಾರೆ. ಬಾವಿಯೇ ಬತ್ತಿದ್ದರೆ? ಆಗಲೂ ಕೊಡ ಇಳಿಸುತ್ತಿರು, ತೋಟ ನಿನ್ನದಲ್ಲ, ಯಜಮಾನನದು ಎಂಬುದೇ ಅವರ ಅಭಿಪ್ರಾಯ.

ಇಗ್ನಾಸಿಯವರ ಎರಡು ನಿಯಮಗಳನ್ನಂತೂ ಪ್ರತಿಯೊಬ್ಬ ಕ್ರೈಸ್ತನೂ ಬಾಯಿಪಾಠ ಮಾಡಬೇಕು. ಒಣಗಾಲದಲ್ಲಿ ಹಳೆಯ ನಿರ್ಧಾರಗಳನ್ನು ಬದಲಿಸಬಾರದು. ನೆಮ್ಮದಿಯ ದಿನಗಳಲ್ಲಿ ಏನನ್ನು ನಿಶ್ಚಯಿಸಿದ್ದೆವೋ ಅದರಲ್ಲಿಯೇ ನಿಲ್ಲಬೇಕು. ಒಂದು ಗಂಟೆ ಪ್ರಾರ್ಥಿಸುವೆನೆಂದು ಸಂಕಲ್ಪಿಸಿದ್ದು, ಅರ್ಧದಲ್ಲಿಯೇ ಏಳಬೇಕೆನಿಸಿದರೆ, ಗಂಟೆ ಮುಗಿದ ಮೇಲೆ ಇನ್ನೂ ತುಸು ಹೊತ್ತು ಕೂತೇ ಏಳಬೇಕು. ಹತ್ತು ನಿಮಿಷದವರಿಗೆ ಹನ್ನೊಂದು. ಮದುವೆ, ಗುರುದೀಕ್ಷೆ, ವ್ರತ ಇವುಗಳನ್ನು ಬಿಡುವ ಯೋಚನೆ ಬಹುತೇಕ ಇಂಥ ದಿನಗಳಲ್ಲಿಯೇ ಹುಟ್ಟುತ್ತದೆಂಬುದನ್ನು ನೆನಪಿಡಿ.

ನಮ್ಮ ನೆರೆಹೊರೆಯವರಿಂದಲೂ ಕಲಿಯುವುದಿದೆ; ಹೀಗೆ ಹೇಳಿದರೆ ಕೆಲವರು ಹುಬ್ಬುಗಂಟಿಕ್ಕುತ್ತಾರೆ, ಇರಲಿ. ವೇದಗಂಗೆ-ದೂಧಗಂಗೆಗಳ ದಂಡೆಯ ಭೋಜ ಗ್ರಾಮದ ಮನೆತನದಿಂದ ಬಂದ ಜೈನ ಆಚಾರ್ಯ ಶಾಂತಿಸಾಗರರು (1872–1955) ಉಪವಾಸದಲ್ಲಿ ಯಾವ ಸುಖ ಕಂಡರೆಂದು ಯಾರೂ ಲೆಕ್ಕ ಕೇಳುವುದಿಲ್ಲ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು ಜನ ನೆನೆಯುವುದು ಅವರ ತಪ್ಪದ ಅನುಷ್ಠಾನಕ್ಕಾಗಿ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೆ ಕಾಲು ಬೊಬ್ಬೆ ಬಂದ ದಿನವೂ ನಡಿಗೆಯ ದಿನವೇ. ನಾವು ಮಾತ್ರ ಪ್ರತಿ ಪ್ರಾರ್ಥನೆಯ ಕೊನೆಯಲ್ಲಿ "ಏನಾದರೂ ಅನುಭವವಾಯಿತೇ?" ಎಂದು ಕೇಳುತ್ತೇವೆ. ಜಿನಸಿನ ಅಂಗಡಿಯಲ್ಲಿ ತೂಕ ನೋಡಿದಂತೆ.

ಕೊನೆಯದಾಗಿ ಸಹೋದರ ಗುರುಗಳಲ್ಲಿ ಒಂದು ವಿನಂತಿ. ಬರುವ ತಪಸ್ಸುಕಾಲಕ್ಕೆ ಪೆಂಡಾಲು ಮತ್ತು ಧ್ವನಿವರ್ಧಕಕ್ಕೆ ಮುಂಗಡ ಕೊಡುವ ಮುನ್ನ, ಆ ಹಣವನ್ನು ಎಣಿಸಿ ಪಕ್ಕಕ್ಕಿಡಿ. ಪ್ರತಿ ಶುಕ್ರವಾರ ಸಂಜೆ ದೇವಾಲಯದ ಬಾಗಿಲು ತೆರೆದು, ಪರಮಪ್ರಸಾದವನ್ನು ಸ್ಥಾಪಿಸಿ, ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಬೋಧನೆ ಬೇಡ. 88ನೇ ಕೀರ್ತನೆಯನ್ನು ನಿಪ್ಪಾಣಿಯವರಿಗೆ ಮರಾಠಿಯಲ್ಲಿ, ಅಥಣಿಯವರಿಗೆ ಕನ್ನಡದಲ್ಲಿ ಒಮ್ಮೆ ನಿಧಾನವಾಗಿ ಓದಿ, ಮತ್ತೆ ಮೌನವಾಗಿರಿ. ಪಾಪನಿವೇದನೆಗೆ ಬಂದವರು ಒಣಗಿದ್ದೇನೆ ಎಂದರೆ, ಎಷ್ಟು ದಿನದಿಂದ ಎಂದು ಕೇಳಿ, ಯಾರ ಶಾಪ ಎಂದು ಕೇಳಬೇಡಿ. ಬರುವವರು ಐದೇ ಮಂದಿ ಇರಬಹುದು. ಹಳ್ಳಿಗಳ ಕಡೆ ಕೊನೆಯ ಬಸ್ಸು ಬೇಗ ಹೊರಡುತ್ತದೆ. ಆದ್ದರಿಂದ ಬಾಗಿಲನ್ನು ಐದು ಗಂಟೆಗೇ ತೆರೆಯಿರಿ.